ಮೂರು ದಿನದ ರಜೆಯಲ್ಲಿ ಮುಂಬೈ: ನೋಡುವುದಕ್ಕೂ ತಿನ್ನುವುದಕ್ಕೂ ಒಂದೇ ದಾರಿ

ಮುಂಬೈಗೆ ಹೊರಟವರ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ಬೆಳಿಗ್ಗೆ ಗೇಟ್‌ವೇ, ಮಧ್ಯಾಹ್ನ ಸಿದ್ಧಿವಿನಾಯಕ, ಸಂಜೆ ಜುಹು, ರಾತ್ರಿ ಬಾಂದ್ರಾ. ಊಟದ ಪಟ್ಟಿ ಬೇರೆ ಇರುತ್ತದೆ, ಅದರಲ್ಲಿನ ಹೋಟೆಲುಗಳು ಇನ್ನೆಲ್ಲೋ ಇರುತ್ತವೆ. ಎರಡು ಪಟ್ಟಿಗಳನ್ನೂ ಹಿಡಿದು ಓಡಿದರೆ ರಜೆಯ ಅರ್ಧ ಭಾಗ ರಸ್ತೆಯ ಮೇಲೆಯೇ ಮುಗಿದುಹೋಗುತ್ತದೆ.

ಈ ಊರು ಉತ್ತರ ದಕ್ಷಿಣವಾಗಿ ಉದ್ದಕ್ಕೆ ಚಾಚಿಕೊಂಡಿದೆ, ರೈಲು ಹಳಿಗಳೂ ಅದೇ ದಿಕ್ಕಿನಲ್ಲಿ ಸಾಗುತ್ತವೆ. ಹಾಗಾಗಿ ಯೋಜನೆ ಮಾಡುವಾಗ ಒಂದೇ ನಿಯಮ ಇಟ್ಟುಕೊಳ್ಳಿ: ಅರ್ಧ ದಿನಕ್ಕೆ ಒಂದು ರೈಲು ನಿಲ್ದಾಣ. ಅಲ್ಲಿ ಇಳಿಯಿರಿ, ನಡೆದು ಹೋಗಬಹುದಾದಷ್ಟನ್ನು ಮಾತ್ರ ನೋಡಿ, ಆ ಬಡಾವಣೆಯ ಜನ ತಿನ್ನುವುದನ್ನು ತಿನ್ನಿ. ಮುಂಬೈಯಲ್ಲಿ ಈ ನಿಯಮ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಇಲ್ಲಿನ ಪ್ರತಿಯೊಂದು ಪ್ರದೇಶದ ತಿಂಡಿಯೂ ಅಲ್ಲಿಗೆ ವಲಸೆ ಬಂದು ನೆಲೆಸಿದವರು ಯಾರು ಎಂಬುದನ್ನು ಹೇಳುತ್ತದೆ. ಫೋರ್ಟಿನಲ್ಲಿ ಇರಾನಿಯರು ಮತ್ತು ಪಾರ್ಸಿಗಳು, ಮಾಟುಂಗಾದಲ್ಲಿ ಉಡುಪಿ ಮತ್ತು ತಮಿಳುನಾಡಿನಿಂದ ಬಂದವರು, ದಾದರಿನಲ್ಲಿ ಮರಾಠಿ ಮಧ್ಯಮ ವರ್ಗ ಮತ್ತು ಗಿರಣಿ ಕಾರ್ಮಿಕರು. ಕಟ್ಟಡ ನೋಡುವುದೂ ತಟ್ಟೆ ನೋಡುವುದೂ ಇಲ್ಲಿ ಒಂದೇ ಕೆಲಸ.

ವಾರಗಳನ್ನು ಮೊದಲು ಜೋಡಿಸಿಕೊಳ್ಳಿ

ಯಾವ ಜಾಗ ಯಾವ ವಾರ ಎಂಬುದನ್ನು ಟಿಕೆಟ್ ಕಾಯ್ದಿರಿಸುವ ಮೊದಲೇ ನಿರ್ಧರಿಸಬೇಕು.

ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಭಾನುವಾರ ಅಲ್ಲಿ ವಿಪರೀತ ಜನ. ಫೋರ್ಟ್ ಪ್ರದೇಶ ಕಚೇರಿಗಳ ಪ್ರದೇಶವಾದ್ದರಿಂದ ಭಾನುವಾರ ರಸ್ತೆಗಳು ಖಾಲಿಯಿರುತ್ತವೆ. ಕಟ್ಟಡಗಳ ಚಿತ್ರ ತೆಗೆಯಲು ಅದು ಒಳ್ಳೆಯದು, ಆದರೆ ಕಚೇರಿಯ ಜನರನ್ನೇ ನಂಬಿಕೊಂಡ ಎಷ್ಟೋ ಹೋಟೆಲುಗಳು ಅಂದು ಬಾಗಿಲು ಹಾಕಿರುತ್ತವೆ. ಇನ್ನು, ಭಾನುವಾರ ಹಳಿಗಳ ದುರಸ್ತಿಗೆಂದು ಲೋಕಲ್ ರೈಲುಗಳಿಗೆ 'ಮೆಗಾ ಬ್ಲಾಕ್' ಇರುತ್ತದೆ. ಸಾಮಾನ್ಯವಾಗಿ ಹತ್ತೂವರೆ, ಹನ್ನೊಂದರ ಸುಮಾರಿಗೆ ಆರಂಭವಾಗಿ ಮಧ್ಯಾಹ್ನ ಮೂರು, ನಾಲ್ಕರವರೆಗೆ ಕೆಲವು ಹಳಿಗಳಲ್ಲಿ ರೈಲುಗಳು ಕಡಿಮೆಯಾಗುತ್ತವೆ ಅಥವಾ ಬೇರೆ ಹಳಿಯಲ್ಲಿ ಓಡುತ್ತವೆ. ಎಲ್ಲಿ, ಎಷ್ಟು ಹೊತ್ತು ಎಂಬುದನ್ನು ರೈಲ್ವೆ ಮೊದಲೇ ಪ್ರಕಟಿಸುತ್ತದೆ.

ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ, ರಜೆ ಶುಕ್ರವಾರದಿಂದ ಭಾನುವಾರದವರೆಗೆ ಇದ್ದಾಗ ಶುಕ್ರವಾರ ಫೋರ್ಟ್, ಶನಿವಾರ ಎಲಿಫೆಂಟಾ, ಭಾನುವಾರ ಬೆಳಗಾಗುತ್ತಲೇ ಮಾಟುಂಗಾ ಮತ್ತು ದಾದರ್. ಶನಿವಾರದಿಂದ ಸೋಮವಾರದವರೆಗೆ ಇದ್ದರೆ ಶನಿವಾರ ಎಲಿಫೆಂಟಾ, ಭಾನುವಾರ ಮಾಟುಂಗಾ, ಸೋಮವಾರ ಫೋರ್ಟ್. ರಜೆಯ ದಿನ ಸಾರ್ವಜನಿಕ ರಜೆಯೂ ಆಗಿದ್ದರೆ, ನೀವು ಮನಸ್ಸಿನಲ್ಲಿಟ್ಟುಕೊಂಡ ಹೋಟೆಲಿಗೂ ವಸ್ತುಸಂಗ್ರಹಾಲಯಕ್ಕೂ ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ.

ನವೆಂಬರ್‌ನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಆಗಸ್ಟ್ 15ರ ಸುತ್ತಲಿನ ರಜೆ ಮಳೆಗಾಲದ ನಡುವೆ ಬರುತ್ತದೆ. ಆಗಲೂ ಹೋಗಬಹುದು, ಆದರೆ ಕಡಲು ಕೆರಳಿದ ದಿನ ಎಲಿಫೆಂಟಾ ದೋಣಿಗಳು ಹೊರಡುವುದಿಲ್ಲ. ಅದಕ್ಕೆ ಬದಲಿ ಏನು ಎಂಬುದನ್ನು ಮುಂದೆ ಹೇಳುತ್ತೇನೆ.

ತಲುಪುವುದು, ತಂಗುವುದು

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ನೇರವಾಗಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ತಲುಪುತ್ತದೆ, ಆದರೆ ಸುಮಾರು ಒಂದು ಹಗಲು, ಒಂದು ರಾತ್ರಿ ಹಿಡಿಯುತ್ತದೆ. ಮೂರೇ ದಿನ ಇರುವವರು ಒಂದು ಬದಿಗಾದರೂ ವಿಮಾನ ಹಿಡಿಯುವುದು ಲೇಸು. ಮಂಗಳೂರು, ಉಡುಪಿ ಕಡೆಯವರಿಗೆ ಮತ್ಸ್ಯಗಂಧಾ ಇದೆ: ಮಧ್ಯಾಹ್ನ ಹೊರಟರೆ ಮರುದಿನ ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್. ಹುಬ್ಬಳ್ಳಿ, ಬೆಳಗಾವಿಯವರಿಗೆ ರಾತ್ರಿಯ ಸ್ಲೀಪರ್ ಬಸ್ಸುಗಳೇ ಅನುಕೂಲ.

ತಂಗುವುದು ಫೋರ್ಟ್, ಕೊಲಾಬಾ ಅಥವಾ ಚರ್ಚ್‌ಗೇಟ್ ಸುತ್ತಮುತ್ತ ಇರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಾಡಿಗೆ ಹೆಚ್ಚು, ಕೋಣೆ ಚಿಕ್ಕದು, ಆದರೂ ಲಾಭವಿದೆ. ಬೆಳಿಗ್ಗೆ ಜನಸಾಗರ ಉತ್ತರದಿಂದ ದಕ್ಷಿಣಕ್ಕೆ ಬರುತ್ತದೆ, ಸಂಜೆ ಉತ್ತರಕ್ಕೆ ಮರಳುತ್ತದೆ. ದಕ್ಷಿಣದಲ್ಲಿ ತಂಗಿದವರು ಪ್ರತಿ ಸಲವೂ ಈ ಪ್ರವಾಹಕ್ಕೆ ಎದುರು ದಿಕ್ಕಿನಲ್ಲಿ, ಕುಳಿತು ಪ್ರಯಾಣ ಮಾಡಬಹುದು. ಕೋಣೆಯ ಬಾಡಿಗೆಯಲ್ಲಿ ತಿಂಡಿ ಸೇರಿದ್ದರೆ ಅದನ್ನು ಬಿಟ್ಟುಬಿಡಿ. ಹೊಟ್ಟೆಯ ಜಾಗವನ್ನು ಊರಿಗಾಗಿ ಉಳಿಸಬೇಕು.

ಲೋಕಲ್ ರೈಲನ್ನು ಕಲಿತುಕೊಳ್ಳಿ

ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ, 34 ಕಿಲೋಮೀಟರ್ ಓಡಿತು. ಇಂದಿನ ಸೆಂಟ್ರಲ್ ಮಾರ್ಗ ಅದೇ ದಾರಿಯಲ್ಲಿದೆ. ಪಶ್ಚಿಮ ಮಾರ್ಗ ಚರ್ಚ್‌ಗೇಟಿನಿಂದ, ಸೆಂಟ್ರಲ್ ಮತ್ತು ಹಾರ್ಬರ್ ಮಾರ್ಗಗಳು ಶಿವಾಜಿ ಟರ್ಮಿನಸ್‌ನಿಂದ ಹೊರಡುತ್ತವೆ. ಪಶ್ಚಿಮ, ಸೆಂಟ್ರಲ್ ಎರಡೂ ಕೂಡುವ ದೊಡ್ಡ ನಿಲ್ದಾಣ ದಾದರ್.

ಫಲಕದಲ್ಲಿ 'ಸ್ಲೋ' ಎಂದಿದ್ದರೆ ರೈಲು ಎಲ್ಲ ಕಡೆ ನಿಲ್ಲುತ್ತದೆ, 'ಫಾಸ್ಟ್' ಎಂದಿದ್ದರೆ ಆಯ್ದ ನಿಲ್ದಾಣಗಳಲ್ಲಿ ಮಾತ್ರ. ಮಾಟುಂಗಾಕ್ಕೆ ಸ್ಲೋ ಹಿಡಿಯಿರಿ. ಮಹಿಳೆಯರ ಬೋಗಿ ಎಲ್ಲಿ ನಿಲ್ಲುತ್ತದೆ ಎಂಬ ಗುರುತು ಪ್ಲಾಟ್‌ಫಾರಂ ಮೇಲೆಯೇ ಇರುತ್ತದೆ. ಇಳಿಯುವ ನಿಲ್ದಾಣಕ್ಕೆ ಒಂದು ನಿಲ್ದಾಣ ಮೊದಲೇ ಬಾಗಿಲ ಬಳಿ ಬನ್ನಿ, ಇಳಿಯುವವರ ಸಾಲಿನಲ್ಲಿ ಸೇರಿಕೊಳ್ಳಿ. ಒಂದು, ಮೂರು ಅಥವಾ ಐದು ದಿನಕ್ಕೆ ಸಿಗುವ ಪ್ರವಾಸಿ ಟಿಕೆಟ್ ತೆಗೆದುಕೊಂಡರೆ ಪ್ರತಿ ಸಲ ಸರತಿ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಭೂಗತ ಮೆಟ್ರೋದ ಮೂರನೆಯ ಮಾರ್ಗ, ಅಂದರೆ ಅಕ್ವಾ ಲೈನ್, 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್‌ವರೆಗೆ ಪೂರ್ಣವಾಗಿ ತೆರೆದ ಮೇಲೆ ಪ್ರವಾಸಿಗರ ಕಷ್ಟ ಬಹಳ ಕಡಿಮೆಯಾಗಿದೆ. ವಿಮಾನ ನಿಲ್ದಾಣದ ಎರಡೂ ಟರ್ಮಿನಲ್‌ಗಳಿಂದ ಶಿವಾಜಿ ಟರ್ಮಿನಸ್, ಹುತಾತ್ಮಾ ಚೌಕ, ಚರ್ಚ್‌ಗೇಟ್‌ಗಳಿಗೆ ನೇರ ಬರಬಹುದು. ಮೆಗಾ ಬ್ಲಾಕ್ ದಿನ ದಾದರಿಗೆ ಹೋಗಲೂ ಇದೇ ಆಸರೆ. ಆಟೋರಿಕ್ಷಾಗಳಿಗೆ ದಕ್ಷಿಣ ಮುಂಬೈಯೊಳಗೆ ಪ್ರವೇಶವಿಲ್ಲ, ಅಲ್ಲಿ ಕಪ್ಪು ಹಳದಿ ಟ್ಯಾಕ್ಸಿಗಳೇ. ಮೀಟರ್ ಹಾಕುವಂತೆ ಹತ್ತುವಾಗಲೇ ಹೇಳಿ.

ಫೋರ್ಟ್ ದಿನ: ಸೂರ್ಯನ ಜೊತೆ ನಡೆಯಿರಿ

ಮೂರು ದಿನಗಳಲ್ಲಿ ನಾನು ಅತ್ಯಂತ ಪ್ರೀತಿಯಿಂದ ಶಿಫಾರಸು ಮಾಡುವ ದಿನ ಇದು. ಬೆಳಕು ಮತ್ತು ಹಸಿವು ಎರಡೂ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಸಿಗುವಂತೆ ದಾರಿಯನ್ನು ಹೆಣೆದಿದ್ದೇನೆ.

ಬೆಳಿಗ್ಗೆ ಎಂಟಕ್ಕೆ ಮರೀನ್ ಲೈನ್ಸ್ ನಿಲ್ದಾಣದ ಹತ್ತಿರದ ಧೋಬಿ ತಲಾವ್‌ಗೆ ಬನ್ನಿ. 1904ರಲ್ಲಿ ಶುರುವಾದ ಕಯಾನಿ ಎಂಬ ಇರಾನಿ ಹೋಟೆಲು ಇಲ್ಲಿದೆ. ಬೆಣ್ಣೆ ಹಚ್ಚಿದ ಬನ್ ಮಸ್ಕಾ ಮತ್ತು ಚಹಾ ಹೇಳಿ. ಬ್ರುನ್ ಎಂಬ ಗಟ್ಟಿ ಹೊರಪದರದ ಪಾವ್ ಸಿಕ್ಕಿದರೆ ಅದನ್ನೇ ತೆಗೆದುಕೊಂಡು ಚಹಾದಲ್ಲಿ ಅದ್ದಿ ತಿನ್ನಿ. ಮಾಂಸಾಹಾರಿಗಳು ಇಬ್ಬರಿಗೆ ಒಂದು ಖೀಮಾ ಪಾವ್ ಹಂಚಿಕೊಳ್ಳಬಹುದು. ಇಷ್ಟಕ್ಕೇ ಏಳಿ.

ಅಲ್ಲಿಂದ ನಡೆದರೆ ಶಿವಾಜಿ ಟರ್ಮಿನಸ್. ಎಫ್. ಡಬ್ಲ್ಯೂ. ಸ್ಟೀವನ್ಸ್ ವಿನ್ಯಾಸದ ಈ ನಿಲ್ದಾಣದ ಕೆಲಸ 1878ರಲ್ಲಿ ಆರಂಭವಾಗಿ ಹತ್ತು ವರ್ಷದಷ್ಟು ನಡೆಯಿತು. 2004ರಿಂದ ಇದು ವಿಶ್ವ ಪರಂಪರೆಯ ತಾಣ. ಗುಮ್ಮಟದ ತುದಿಯಲ್ಲಿ ಪ್ರಗತಿಯನ್ನು ಸೂಚಿಸುವ ಹೆಣ್ಣಿನ ಮೂರ್ತಿ ಇದೆ. ದ್ವಾರದ ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ: ಮೊದಲನೆಯದು ಬ್ರಿಟನ್, ಎರಡನೆಯದು ಭಾರತ. ಗೋಡೆಯನ್ನು ಹತ್ತಿರದಿಂದ ನೋಡಿದರೆ ಕಲ್ಲಿನಲ್ಲಿ ನವಿಲು, ಕೋತಿ, ಎಲೆ, ಹೂವುಗಳು ಕಾಣುತ್ತವೆ. ಎದುರಿಗಿರುವ ಮಹಾನಗರ ಪಾಲಿಕೆಯ ಕಟ್ಟಡವೂ ಸ್ಟೀವನ್ಸನದೇ.

ಇಷ್ಟೊಂದು ಕಲ್ಲಿನ ಅರಮನೆಗಳಿಗೆ ಹಣ ಬಂದದ್ದು ಎಲ್ಲಿಂದ ಎಂಬುದು ಕನ್ನಡಿಗರಿಗೆ ಗೊತ್ತಿರಬೇಕು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ, ಮುಂಬೈಯ ವ್ಯಾಪಾರಿಗಳು ಭಾರತದ ಹತ್ತಿಯನ್ನು ಕಳಿಸಿ ಅಪಾರ ಸಂಪಾದಿಸಿದರು. ಧಾರವಾಡ ಸೀಮೆಯ ಹತ್ತಿಯೂ ಅದರಲ್ಲಿತ್ತು. ಅದೇ ದಶಕದಲ್ಲಿ ಕೋಟೆಯ ಗೋಡೆಗಳನ್ನು ಕೆಡವಿ, ಆ ಬಯಲಿನಲ್ಲಿ ಹೊಸ ಊರು ಕಟ್ಟಿದರು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬೈ ಆಡಳಿತಕ್ಕೇ ಸೇರಿದ್ದವು. ಈ ಕಟ್ಟಡಗಳಲ್ಲಿ ನಮ್ಮ ಕಪ್ಪು ಮಣ್ಣಿನ ಪಾಲೂ ಇದೆ ಎಂದುಕೊಂಡು ನೋಡಿದರೆ ನೋಟವೇ ಬದಲಾಗುತ್ತದೆ.

ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳ ನೆರಳಿನಲ್ಲೇ ದಕ್ಷಿಣಕ್ಕೆ ಸಾಗಿ. 1864ರ ಫ್ಲೋರಾ ಕಾರಂಜಿ, ಪಕ್ಕದಲ್ಲಿ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಹುತಾತ್ಮರ ಸ್ಮಾರಕ. ಅಲ್ಲಿಂದ ಪೂರ್ವಕ್ಕೆ ತಿರುಗಿದರೆ ಹಾರ್ನಿಮನ್ ಸರ್ಕಲ್‌ನ ದೊಡ್ಡ ಮರಗಳು ಮತ್ತು 1833ರ ಟೌನ್ ಹಾಲ್‌ನ ಅಗಲವಾದ ಮೆಟ್ಟಿಲುಗಳು. ಅಲ್ಲಿ ಅರ್ಧ ಗಂಟೆ ಕೂತು ಕಾಲಿಗೆ ವಿಶ್ರಾಂತಿ ಕೊಡಿ.

ಮಧ್ಯಾಹ್ನದ ಊಟಕ್ಕೆ ಎರಡು ದಾರಿ. ಬಲ್ಲಾರ್ಡ್ ಎಸ್ಟೇಟ್‌ನ ಬ್ರಿಟಾನಿಯಾ 1923ರಿಂದ ಇದೆ. ಇರಾನಿನಿಂದ ತರಿಸುವ ಹುಳಿ ಸಿಹಿ ಬೆರ್ರಿ ಹಾಕಿದ ಪುಲಾವ್ ಅಲ್ಲಿಯ ಹೆಗ್ಗಳಿಕೆ. ಇಬ್ಬರಿಗೆ ಒಂದು ಪುಲಾವ್ ಸಾಕು, ಕೊನೆಗೆ ಕ್ಯಾರಮೆಲ್ ಕಸ್ಟರ್ಡ್. ಅದು ಹೆಸರಾದದ್ದು ಮಧ್ಯಾಹ್ನದ ಊಟಕ್ಕೆ, ಆದ್ದರಿಂದ ರಾತ್ರಿಗೆಂದು ಮುಂದೂಡಬೇಡಿ. ಮೀನು ಬೇಕಾದವರಿಗೆ ಫೋರ್ಟಿನಲ್ಲೇ ಮಂಗಳೂರು ಕಡೆಯವರು ಕಟ್ಟಿ ಬೆಳೆಸಿದ ಹೋಟೆಲುಗಳಿವೆ: ಮಹೇಶ್ ಲಂಚ್ ಹೋಮ್, ಅಪೂರ್ವ, ತೃಷ್ಣಾ. ಗಸಿ, ನೀರು ದೋಸೆ ಎಂದು ಕನ್ನಡದಲ್ಲೇ ಕೇಳಿ ನೋಡಿ, ಎಷ್ಟೋ ಸಲ ಉತ್ತರ ತುಳುವಿನಲ್ಲೋ ಕನ್ನಡದಲ್ಲೋ ಬರುತ್ತದೆ.

ಬಿಸಿಲು ಏರಿದ ಹೊತ್ತನ್ನು ವಸ್ತುಸಂಗ್ರಹಾಲಯಕ್ಕೆ ಮೀಸಲಿಡಿ. ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ 1922ರಲ್ಲಿ ತೆರೆಯಿತು; ಗೇಟ್‌ವೇ ಕಟ್ಟಿದ ಜಾರ್ಜ್ ವಿಟೆಟ್ ಇದರ ವಾಸ್ತುಶಿಲ್ಪಿ. ಎಲ್ಲವನ್ನೂ ನೋಡಲು ಹೊರಟರೆ ದಣಿವಷ್ಟೇ ಉಳಿಯುತ್ತದೆ. ಶಿಲ್ಪಗಳ ಕೋಣೆಗೆ ಹೋಗಿ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯಿಂದ ಬಂದ ಚಾವಣಿಯ ಫಲಕಗಳನ್ನು ಹುಡುಕಿ. ಬ್ರಹ್ಮ ತನ್ನ ಹಂಸದ ಮೇಲೆ ಕೂತಿರುವ ಆ ಫಲಕದ ಮುಂದೆ ಸಾಕಷ್ಟು ಹೊತ್ತು ನಿಲ್ಲಿ. ಐಹೊಳೆಗೆ ಹೋದವರು ಬರಿದಾದ ಚಾವಣಿಯನ್ನು ಕಂಡಿರುತ್ತಾರೆ, ಅದರ ಉಳಿದ ಭಾಗ ಇಲ್ಲಿದೆ.

ನಾಲ್ಕೂವರೆಗೆ ಓವಲ್ ಮೈದಾನಕ್ಕೆ ಬನ್ನಿ, ಅದಕ್ಕಿಂತ ಮೊದಲು ಬೇಡ. ಪೂರ್ವದ ಬದಿಯಲ್ಲಿ ಸಾಲಾಗಿ ಹೈಕೋರ್ಟ್, ವಿಶ್ವವಿದ್ಯಾಲಯ, 1878ರ ರಾಜಾಬಾಯಿ ಗೋಪುರ ಇವೆ. ಇವೆಲ್ಲ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಇಳಿಬಿಸಿಲು ನೇರ ಅವುಗಳ ಮುಖಕ್ಕೆ ಬೀಳುತ್ತದೆ. ಕಟ್ಟಿದಾಗ ಇವುಗಳ ಎದುರಿಗೆ ಸಮುದ್ರವಿತ್ತು. ಮುಂದೆ ಕಡಲನ್ನು ತುಂಬಿಸಿ ಪಡೆದ ನೆಲದಲ್ಲಿ 1930ರ ದಶಕದಿಂದ ಆರ್ಟ್ ಡೆಕೊ ಎಂಬ ಶೈಲಿಯ ಮನೆಗಳು ಎದ್ದವು. ಮೈದಾನದ ನಡುವೆ ನಿಂತರೆ ಒಂದು ಬದಿಗೆ ವಿಕ್ಟೋರಿಯಾ ಕಾಲದ ಗಾಥಿಕ್, ಇನ್ನೊಂದು ಬದಿಗೆ ದುಂಡು ಬಾಲ್ಕನಿಗಳ ಆರ್ಟ್ ಡೆಕೊ. ಒಟ್ಟು 94 ಕಟ್ಟಡಗಳ ಈ ಸಮೂಹ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಡುವೆ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ, ಚೆಂಡಿನ ಕಡೆ ಗಮನವಿರಲಿ.

ಸೂರ್ಯಾಸ್ತಕ್ಕೆ ಮರೀನ್ ಡ್ರೈವ್. ಹೋಗುವ ದಾರಿಯಲ್ಲಿ ಬ್ರೆಬೋರ್ನ್ ಕ್ರೀಡಾಂಗಣದ ಎದುರಿನ ಕೆ. ರುಸ್ತುಂ ಅಂಗಡಿಯಲ್ಲಿ ಎರಡು ವೇಫರ್‌ಗಳ ನಡುವೆ ಐಸ್‌ಕ್ರೀಂ ತುಂಡು ಇಟ್ಟು ಕೊಡುತ್ತಾರೆ. ರಾತ್ರಿಗೆ ಶಿವಾಜಿ ಟರ್ಮಿನಸ್ ಎದುರಿನ ಕ್ಯಾನನ್‌ನಲ್ಲಿ ಪಾವ್ ಭಾಜಿ, ಬೆಣ್ಣೆ ಕಡಿಮೆ ಬೇಕೆಂದರೆ ಮೊದಲೇ ಹೇಳಬೇಕು. ಊಟ ಮುಗಿಸಿ ತಿರುಗಿದರೆ ದೀಪಗಳಲ್ಲಿ ಬೆಳಗುವ ನಿಲ್ದಾಣ ಎದುರಿಗೇ ಇರುತ್ತದೆ.

ಹಸಿವಿನ ಲೆಕ್ಕ

ಎಷ್ಟು ತಿಂದಿರಿ ಎನ್ನುವುದಕ್ಕಿಂತ ಮುಂದಿನ ಜಾಗಕ್ಕೆ ಹಸಿದು ಹೋದಿರಾ ಎನ್ನುವುದು ಮುಖ್ಯ. ಇಬ್ಬರಿಗೆ ಒಂದು ತಟ್ಟೆ, ನಾಲ್ವರಿಗೆ ಎರಡು ತಟ್ಟೆ ಹೇಳಿ. ಎರಡು ತಿನಿಸುಗಳ ನಡುವೆ ಕನಿಷ್ಠ ಎರಡು ಗಂಟೆಯ ನಡಿಗೆ ಇರಲಿ. ಬೀದಿಯಲ್ಲಿ ಜನ ಮುತ್ತಿಕೊಂಡ ಗಾಡಿಯನ್ನೇ ಆರಿಸಿ, ಎಣ್ಣೆಯಿಂದ ಆಗತಾನೇ ತೆಗೆದದ್ದನ್ನು ಕೇಳಿ. ಮಳೆಗಾಲದಲ್ಲಿ ಪಾನಿಪುರಿಯ ನೀರು, ಹೆಚ್ಚಿಟ್ಟ ಹಣ್ಣು ಬೇಡ. ಸೆಕೆಯಲ್ಲಿ ಬೆವರು ಹರಿಯುವುದರಿಂದ ನೀರಿನ ಬಾಟಲಿ ಕೈಯಲ್ಲೇ ಇರಲಿ. ಸಿಕ್ಕಿದ ಕಡೆ ಸೋಲ್ ಕಢಿ ಕುಡಿಯಿರಿ, ಪುನರ್ಪುಳಿ ಮತ್ತು ತೆಂಗಿನ ಹಾಲಿನ ಆ ಪಾನೀಯ ಮೀನಿನ ಊಟದ ನಂತರ ಬಹಳ ಹಿತ.

ಎಲಿಫೆಂಟಾ ದಿನ

ಗೇಟ್‌ವೇಯಿಂದ ಮೊದಲ ದೋಣಿಗಳು ಒಂಬತ್ತರ ಸುಮಾರಿಗೆ ಹೊರಡುತ್ತವೆ. ಎಂಟೂವರೆಗೇ ಅಲ್ಲಿರಿ. 1911ರಲ್ಲಿ ದೊರೆ ಐದನೆಯ ಜಾರ್ಜ್ ಬಂದಿಳಿದ ನೆನಪಿಗೆ ಕಟ್ಟಿದ ಕಮಾನು ಪೂರ್ಣಗೊಂಡದ್ದು 1924ರಲ್ಲಿ; 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಸೈನಿಕ ಪಡೆ ಇದೇ ಕಮಾನಿನ ಕೆಳಗೆ ನಡೆದು ಹಡಗು ಹತ್ತಿತು. ಒಂದು ಗಂಟೆಯ ದೋಣಿ ಪ್ರಯಾಣ. ದ್ವೀಪದ ಜೆಟ್ಟಿಯಿಂದ ಬೆಟ್ಟದ ಬುಡಕ್ಕೆ ಪುಟ್ಟ ರೈಲಿದೆ, ಅಲ್ಲಿಂದ ನೂರಕ್ಕೂ ಹೆಚ್ಚು ಮೆಟ್ಟಿಲು. ಹತ್ತಲಾಗದ ಹಿರಿಯರಿಗೆ ಡೋಲಿ ಸಿಗುತ್ತದೆ. ಕೈಯಲ್ಲಿ ತಿಂಡಿ ಹಿಡಿದಿದ್ದರೆ ಕೋತಿಗಳು ಬಿಡುವುದಿಲ್ಲ.

ಮೆಟ್ಟಿಲುಗಳ ಇಕ್ಕೆಲದ ಅಂಗಡಿಗಳನ್ನು ಮರಳುವಾಗ ನೋಡಿದರಾಯಿತು, ನೇರ ಮೊದಲನೆಯ ಗುಹೆಗೆ ಹೋಗಿ. ಇದು ಆರನೆಯ ಶತಮಾನದ ನಡುಭಾಗದ್ದು ಎಂದು ವಿದ್ವಾಂಸರು ಅಂದಾಜಿಸುತ್ತಾರೆ. ಬಾದಾಮಿಯ ಮೂರನೆಯ ಗುಹೆಯ ಶಾಸನ 578ರದು, ಅಂದರೆ ಎರಡೂ ಹೆಚ್ಚುಕಡಿಮೆ ಒಂದೇ ಯುಗದ ಕೆಲಸ. ಬಾದಾಮಿ ನೋಡಿದವರಿಗೆ ಇಲ್ಲಿ ಹೋಲಿಸುವ ಸುಖವಿದೆ.

ಒಳಗೆ ಹೋದ ಕೂಡಲೇ ಏನನ್ನೂ ನೋಡಬೇಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಆಮೇಲೆ ಎದುರಿನ ಗೋಡೆಯಲ್ಲಿ ಸುಮಾರು ಇಪ್ಪತ್ತು ಅಡಿ ಎತ್ತರದ ಸದಾಶಿವ ನಿಧಾನವಾಗಿ ಮೂಡುತ್ತಾನೆ. ನಮ್ಮ ಎಡಕ್ಕೆ ಹುಬ್ಬು ಗಂಟಿಕ್ಕಿದ ಅಘೋರ, ನಡುವೆ ಕಣ್ಣು ಮುಚ್ಚಿದ ತತ್ಪುರುಷ, ಬಲಕ್ಕೆ ಹೂವು ಹಿಡಿದ, ಹೆಣ್ಣಿನ ಕೋಮಲತೆಯ ವಾಮದೇವ. ತ್ರಿಮೂರ್ತಿ ಎಂದು ಕರೆಯುವ ರೂಢಿ ಇದ್ದರೂ ಮೂರೂ ಶಿವನ ಮುಖಗಳೇ. ಅದರ ಎರಡೂ ಬದಿಯಲ್ಲಿ ಅರ್ಧನಾರೀಶ್ವರ ಮತ್ತು ಗಂಗಾಧರ. ನನಗೆ ಇನ್ನೂ ಹೆಚ್ಚು ಪ್ರಿಯವಾದದ್ದು ಕಲ್ಯಾಣಸುಂದರ ಫಲಕ: ಮದುವೆಯ ಹೊತ್ತಿನ ಪಾರ್ವತಿಯ ನಾಚಿಕೆಯನ್ನು ಒಡೆದುಹೋದ ಕಲ್ಲಿನಲ್ಲೂ ಕಾಣಬಹುದು.

ಐಹೊಳೆಯ 634ರ ಶಾಸನದಲ್ಲಿ ರವಿಕೀರ್ತಿ, ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದ ಎಂದು ಹೇಳುತ್ತಾನೆ. ಆ ಪುರಿ ಈ ದ್ವೀಪವೇ, ಅಂದರೆ ಘಾರಾಪುರಿಯೇ ಎಂದು ಕೆಲವು ಇತಿಹಾಸಕಾರರು ಗುರುತಿಸುತ್ತಾರೆ. ಮರಳುವ ದೋಣಿಯಲ್ಲಿ ಮೇಲಿನ ಅಂತಸ್ತಿನಲ್ಲಿ ಕುಳಿತುಕೊಳ್ಳಿ.

ಕಡಲು ಕೆಟ್ಟು ದೋಣಿ ಹೊರಡದಿದ್ದರೆ ಬೈಕುಲಾದ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ದ್ವೀಪಕ್ಕೆ ಪೋರ್ಚುಗೀಸರು ಆ ಹೆಸರಿಡಲು ಕಾರಣವಾದ ಕಲ್ಲಿನ ಆನೆ ಅದರ ಹೊರಗೆ ನಿಂತಿದೆ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಅದು ಬಿದ್ದು ಒಡೆಯಿತು, 1914ರಲ್ಲಿ ತುಂಡುಗಳನ್ನು ಜೋಡಿಸಿದರು. ಬುಧವಾರ ಈ ಸಂಗ್ರಹಾಲಯಕ್ಕೆ ರಜೆ.

ಸಂಜೆಗೆ ಮೆಟ್ರೋ ಹಿಡಿದು ಗಿರಗಾಂವ್. ಖೋತಾಚಿ ವಾಡಿಯ ಮರದ ಜಗಲಿಯ ಮನೆಗಳ ನಡುವೆ ಸದ್ದಿಲ್ಲದೆ ನಡೆಯಿರಿ, ಅಲ್ಲಿ ಜನ ವಾಸವಿದ್ದಾರೆ. 1917ರಿಂದ 1934ರವರೆಗೆ ಗಾಂಧೀಜಿ ಮುಂಬೈಗೆ ಬಂದಾಗ ತಂಗುತ್ತಿದ್ದ ಮಣಿ ಭವನ ಅಲ್ಲಿಂದ ದೂರವಿಲ್ಲ. ಕತ್ತಲಾಗುವಾಗ ಚೌಪಾಟಿಯಲ್ಲಿ ಭೇಲ್‌ಪುರಿ. ಕಲಸಿದ ತಕ್ಷಣ ತಿನ್ನಬೇಕು, ಎರಡು ನಿಮಿಷ ಬಿಟ್ಟರೆ ಮಂಡಕ್ಕಿ ಮೆತ್ತಗಾಗುತ್ತದೆ. ಮಾಂಸಾಹಾರಿಗಳು ರಾತ್ರಿಗೆ ಮೊಹಮ್ಮದ್ ಅಲಿ ರಸ್ತೆಗೆ ಹೋಗಬಹುದು. ಮಿನಾರಾ ಮಸೀದಿಯ ಬಳಿ ಕಬಾಬು, ಮಾಲ್‌ಪುವಾ, ಮಣ್ಣಿನ ಬಟ್ಟಲಿನ ಫಿರ್ನಿ.

ಮಾಟುಂಗಾ ಮತ್ತು ದಾದರ್

ಏಳೂವರೆಗೆ ಮಾಟುಂಗಾದಲ್ಲಿರಿ. 1896ರಲ್ಲಿ ಪ್ಲೇಗ್ ಬಂದು ಹಳೆಯ ಮುಂಬೈಯ ಇಕ್ಕಟ್ಟಿನಲ್ಲಿ ಜನ ಸತ್ತ ಮೇಲೆ, 1898ರಲ್ಲಿ ಸ್ಥಾಪನೆಯಾದ ಸುಧಾರಣಾ ಟ್ರಸ್ಟ್ ಯೋಜಿಸಿ ರೂಪಿಸಿದ ಬಡಾವಣೆಗಳು ಇವು. ಅಗಲ ರಸ್ತೆ, ಮರಗಳು, ಉದ್ಯಾನಗಳು ಅದಕ್ಕಾಗಿಯೇ. ದಕ್ಷಿಣದಿಂದ ಬಂದ ಗುಮಾಸ್ತರು, ಬ್ಯಾಂಕ್ ನೌಕರರು ಇಲ್ಲಿ ನೆಲೆಸಿದರು, ಅವರ ಹಿಂದೆ ಉಡುಪಿಯ ಅಡುಗೆಯವರು ಬಂದರು. 1926ರಲ್ಲಿ ಆರಂಭವಾದ ಮೈಸೂರು ಅಸೋಸಿಯೇಷನ್ ಇಲ್ಲಿಯೇ ಇದೆ.

ಕಿಂಗ್ಸ್ ಸರ್ಕಲ್‌ನ ಕೆಫೆ ಮದ್ರಾಸ್‌ನಲ್ಲಿ ರಸಂ ವಡೆ ಮತ್ತು ಫಿಲ್ಟರ್ ಕಾಫಿ. ಎಂಟೂವರೆಯ ನಂತರ ಸರತಿ ಬೆಳೆಯುತ್ತದೆ, ಹೆಸರು ಬರೆಸಿ ಹೊರಗೆ ಕಾಯಬೇಕಾಗುತ್ತದೆ. ಮನೆಯಲ್ಲೇ ಸಿಗುವ ಇಡ್ಲಿ ದೋಸೆಗೆ ಮುಂಬೈಗೆ ಏಕೆ ಹೋಗಬೇಕು ಎಂದು ಕೇಳುವವರಿದ್ದಾರೆ. ನಮ್ಮ ಊರಿನ ಹುಡುಗರು ಪಾತ್ರೆ ತೊಳೆಯುತ್ತಾ ಶುರುಮಾಡಿ, ಇನ್ನೊಂದು ಭಾಷೆಯ ಮಹಾನಗರಕ್ಕೆ ಬೆಳಗಿನ ತಿಂಡಿಯನ್ನೇ ಕಲಿಸಿದ ಜಾಗ ಇದು. ನೋಡಲೇಬೇಕಾದ ಸ್ಥಳಗಳ ಸಾಲಿನಲ್ಲಿ ನಾನು ಇದನ್ನು ಗೇಟ್‌ವೇಗಿಂತ ಮುಂದೆ ಇಡುತ್ತೇನೆ.

ತಿಂಡಿಯ ನಂತರ ಹೂವಿನ ಅಂಗಡಿಗಳ ಬೀದಿ, ಆಮೇಲೆ ಫೈವ್ ಗಾರ್ಡನ್ಸ್ ಮತ್ತು ಪಾರ್ಸಿ ಕಾಲೊನಿಯ ನೆರಳಿನ ರಸ್ತೆಗಳು. ಬಾಳೆಎಲೆ ಊಟ ಬೇಕಾದವರು ಮಾಟುಂಗಾ ನಿಲ್ದಾಣದ ಬಳಿ, 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್‌ಗೆ ಮರಳಿ ಬರಬೇಕು. ಹಾಗೆ ಮಾಡಿದರೆ ದಾದರಿನ ಮಿಸಳ್‌ಗೆ ಹೊಟ್ಟೆಯಲ್ಲಿ ಜಾಗವಿರದು. ಎರಡರಲ್ಲಿ ಒಂದನ್ನೇ ಆರಿಸಿ.

ದಾದರನ್ನು ಆರಿಸಿದವರಿಗೆ ಪಶ್ಚಿಮದ ಬದಿಯಲ್ಲಿ 1910ರ ಮಾಮಾ ಕಾಣೆ, ಶಿವಾಜಿ ಪಾರ್ಕ್ ಕಡೆಗೆ ಆಸ್ವಾದ್, ಪ್ರಕಾಶ್ ಎಂಬ ಹೋಟೆಲುಗಳಿವೆ. ಮಿಸಳ್ ಎಂದರೆ ಮೊಳಕೆ ಬಂದ ಮಡಕೆ ಕಾಳಿನ ಖಾರದ ಸಾರು, ಮೇಲೆ ಫರ್ಸಾಣ್ ಎಂಬ ಕರಿದ ಖಾರದ ಮಿಶ್ರಣ, ಈರುಳ್ಳಿ, ಜೊತೆಗೆ ಪಾವ್. ಖಾರ ತಗ್ಗಿಸಲು ಪೀಯೂಷ್ ಕುಡಿಯಿರಿ, ಶ್ರೀಖಂಡವನ್ನು ತೆಳ್ಳಗೆ ಮಾಡಿದಂತಹ ತಂಪು ಪಾನೀಯ. ಸಾಬೂದಾಣಾ ವಡೆ ಒಂದನ್ನು ಹಂಚಿಕೊಳ್ಳಿ.

ವಡಾ ಪಾವ್ ಹುಟ್ಟಿದ್ದು 1966ರಲ್ಲಿ ದಾದರ್ ನಿಲ್ದಾಣದ ಹೊರಗೆ ಎಂದು ಇಲ್ಲಿಯವರು ಹೇಳುತ್ತಾರೆ. ರೈಲಿನಿಂದ ಇಳಿದು ಗಿರಣಿಗೆ ಓಡುವವರು ನಿಂತುಕೊಂಡೇ, ಒಂದೇ ಕೈಯಲ್ಲಿ ತಿನ್ನಬಹುದಾದ ಊಟ ಅದು. ಸಂಜೆ ನಾಲ್ಕರ ನಂತರ, ಬೊಂಡ ಬಾಣಲೆಯಿಂದ ಮೇಲೇಳುವಾಗ ಹೋಗಿ. ಒಣ ಬೆಳ್ಳುಳ್ಳಿ ಚಟ್ನಿಯನ್ನು ಹೆಚ್ಚು ಹಾಕಿಸಿಕೊಳ್ಳಿ, ಕರಿದ ಹಸಿಮೆಣಸಿನಕಾಯಿಯನ್ನು ಸ್ವಲ್ಪ ಸ್ವಲ್ಪವೇ ಕಚ್ಚಿ.

ಊರಿಗೆ ಒಯ್ಯಲು ಇದೇ ಬೆಳ್ಳುಳ್ಳಿ ಚಟ್ನಿ ಪುಡಿ ದಾದರ್ ಪಶ್ಚಿಮದ ಅಂಗಡಿಗಳಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ, ವಾರಗಟ್ಟಲೆ ಇರುತ್ತದೆ. ಇರಾನಿ ಬೇಕರಿಯ ಖಾರಿ ಬಿಸ್ಕತ್ತು ಬೇಗ ಪುಡಿಯಾಗುವುದರಿಂದ ಚೀಲದ ಮೇಲ್ಭಾಗದಲ್ಲಿಡಿ. ಮಾವಾ ಕೇಕ್ ಕೊಂಡರೆ ಹೊರಡುವ ದಿನವೇ ಕೊಳ್ಳಿ, ಖೋವಾ ಇರುವುದರಿಂದ ಸೆಕೆಯಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ.